ಬಿಳಿ ವೃತ್ತದೊಳಗೆ ನಡೆದು ಬರುವವನು

ಸಿನಿಮಾ ತೆರೆಯ ಮೇಲೆ ಮೊಟ್ಟಮೊದಲು ನಡೆದು ಬಂದ ಜೇಮ್ಸ್ ಬಾಂಡ್ ಯಾರು? ಶಾನ್ ಕಾನರಿ ಎಂದರೆ ಪಂದ್ಯ ಸೋತಿರಿ. 1962ರ ಅಕ್ಟೋಬರ್ 5ರಂದು ಲಂಡನ್ನಿನಲ್ಲಿ ‘ಡಾಕ್ಟರ್ ನೋ’ ಶುರುವಾದಾಗ ಕಪ್ಪು ಪರದೆಯ ಮೇಲೆ ಬಿಳಿ ಚುಕ್ಕೆಗಳು ಸರಿದವು. ಪಿಸ್ತೂಲಿನ ನಳಿಗೆಯೊಳಗಿಂದ ಇಣುಕಿದಂಥ ಬಿಳಿಯ ವೃತ್ತವೊಂದು ತೆರೆಯಿತು. ಅದರೊಳಗೆ ಬಲದಿಂದ ಎಡಕ್ಕೆ ನಡೆದು ಬಂದು, ಗಕ್ಕನೆ ತಿರುಗಿ ನಮ್ಮತ್ತಲೇ ಗುಂಡು ಹಾರಿಸಿದವನು ಬಾಬ್ ಸಿಮನ್ಸ್ ಎಂಬ ಸ್ಟಂಟ್ ಕಲಾವಿದ. ಮೊದಲ ಮೂರು ಚಿತ್ರಗಳಿಗೂ ಅದೇ ತುಣುಕು, ಅದೇ ಸಿಮನ್ಸ್. 1965ರ ‘ಥಂಡರ್‌ಬಾಲ್’ಗೆ ಅಗಲ ಪರದೆ ಬಂದು ತುಣುಕನ್ನು ಹೊಸದಾಗಿ ಚಿತ್ರಿಸಬೇಕಾದಾಗಲೇ ಕಾನರಿ ಆ ವೃತ್ತಕ್ಕೆ ಕಾಲಿಟ್ಟದ್ದು. ಅಲ್ಲಿಯವರೆಗೆ ಟೋಪಿ, ಸೂಟು, ನಡಿಗೆ ಇಷ್ಟರಲ್ಲೇ ಕೆಲಸ ನಡೆದಿತ್ತು. ಮುಖ ಯಾರದೆಂದು ಕೇಳಿದವರುಂಟೋ ಕಾಣೆ.

ಈ ಕಥೆಯನ್ನು ಕಳೆದ ಶನಿವಾರ ಕಾಫಿ ಮೇಜಿನ ಮೇಲೆ ಬಿಟ್ಟದ್ದು ಜಗಳ ಬಿಡಿಸಲಿಕ್ಕೆ. ಮುಂದಿನ ಬಾಂಡ್ ಯಾರಾಗಬೇಕು ಎಂಬ ಜಗಳ. ನಮ್ಮ ಗುಂಪಿನಲ್ಲಿ ಇದಕ್ಕೆ 2021ರಿಂದ ವಯಸ್ಸಾಗುತ್ತಾ ಬಂದಿದೆ. ಆ ವರ್ಷ ‘ನೋ ಟೈಮ್ ಟು ಡೈ’ಯಲ್ಲಿ ಡೇನಿಯಲ್ ಕ್ರೇಗ್‌ನ ಬಾಂಡ್ ಕ್ಷಿಪಣಿಗಳ ಮಳೆಯಲ್ಲಿ ಸತ್ತೇಹೋದ, ಹೆಸರುಗಳ ಪಟ್ಟಿ ಮುಗಿದ ಮೇಲೆ ಮಾತ್ರ ಜೇಮ್ಸ್ ಬಾಂಡ್ ಮತ್ತೆ ಬರುತ್ತಾನೆಂಬ ಎಂದಿನ ಸಾಲು ಮೂಡಿತು. ಹೆಣ ಎತ್ತುವ ಮೊದಲೇ ಉತ್ತರಾಧಿಕಾರಿಯ ಮಾತು.

“ಅಲ್ಲ ಕಣೋ, ಹೆನ್ರಿ ಕ್ಯಾವಿಲ್ ಬಿಟ್ಟು ಆ ದವಡೆ ಇನ್ಯಾರಿಗಿದೆ ಹೇಳು?” ಎಂದ ಗೆಳೆಯ.

“ಅಪ್ಪಾ, ಅವರಿಗೆ ಆಗ್ಲೇ ನಲವತ್ತು ದಾಟಿದೆ,” ಎಂದಳು ಅವನ ಮಗಳು. “ಅಂಕಲ್, ನೀವಾದ್ರೂ ಹೇಳಿ.”

ಅಂಕಲ್ ಹೇಳಿದ್ದು ಇಷ್ಟೇ: ಕ್ಯಾವಿಲ್ 2005ರಲ್ಲೇ ಪರೀಕ್ಷೆಗೆ ಕೂತವನು. ಆಗ ಇಪ್ಪತ್ತೆರಡು, ಎಳಸೆಂದು ಬಿಟ್ಟರು. ಈಗ ಬಲಿತನೆಂದು ಬಿಡುತ್ತಾರೆ. ಬಾಂಡ್ ಕುರ್ಚಿಯ ಇತಿಹಾಸದಲ್ಲಿ ಮುಹೂರ್ತ ತಪ್ಪಿದವರ ಸಾಲು ಕೂತವರ ಸಾಲಿಗಿಂತ ಉದ್ದ. ಟಿಮೊತಿ ಡಾಲ್ಟನ್‌ನನ್ನು ಅರವತ್ತರ ದಶಕದ ಕೊನೆಯಲ್ಲೇ ಕೇಳಿದ್ದರು. ನಾನಿನ್ನೂ ಚಿಕ್ಕವನು ಎಂದುಬಿಟ್ಟ. ಕೊನೆಗೆ ಬಂದದ್ದು 1987ರಲ್ಲಿ, ಅದೂ ಇನ್ನೊಬ್ಬನ ದುರದೃಷ್ಟದಿಂದ. 1986ರಲ್ಲಿ ಪಿಯರ್ಸ್ ಬ್ರಾಸ್ನನ್ ಹೆಸರು ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಅವನ ‘ರೆಮಿಂಗ್ಟನ್ ಸ್ಟೀಲ್’ ಧಾರಾವಾಹಿಯನ್ನು ಅಮೆರಿಕದ ವಾಹಿನಿ ನಿಲ್ಲಿಸಿತ್ತು. ಬಾಂಡ್ ಸುದ್ದಿ ಹಬ್ಬಿದ್ದೇ ತಡ ಅದೇ ವಾಹಿನಿ ಕರಾರಿನ ಕೊನೆಯ ಗಳಿಗೆಯಲ್ಲಿ ಧಾರಾವಾಹಿಗೆ ಮರುಜೀವ ಕೊಟ್ಟಿತು. ಬಾಂಡ್ ಆಗುತ್ತಾನೆಂಬ ಸುದ್ದಿಯೇ ಅವನಿಗೆ ಬಾಂಡ್ ತಪ್ಪಿಸಿತು. ಒಂಬತ್ತು ವರ್ಷ ಕಾಯಬೇಕಾಯಿತು, 1995ರ ‘ಗೋಲ್ಡನ್‌ಐ’ವರೆಗೆ.

ಇದಕ್ಕಿಂತ ವಿಚಿತ್ರದ್ದು ಜಾನ್ ಗ್ಯಾವಿನ್ ಕಥೆ. ಈ ಅಮೆರಿಕನ್ ನಟ 1971ರ ‘ಡೈಮಂಡ್ಸ್ ಆರ್ ಫಾರೆವರ್’ಗೆ ಸಹಿ ಹಾಕಿಯೇಬಿಟ್ಟಿದ್ದ. ಅಷ್ಟರಲ್ಲಿ ಸ್ಟುಡಿಯೊದವರು ಕಾನರಿಯ ಮುಂದೆ ಹನ್ನೆರಡೂವರೆ ಲಕ್ಷ ಡಾಲರ್ ಸುರಿದು ವಾಪಸ್ ಕರೆತಂದರು. ಕಾನರಿ ಆ ಹಣವನ್ನು ಸ್ಕಾಟ್ಲೆಂಡಿನ ಶಿಕ್ಷಣ ದತ್ತಿಗೆ ಕೊಟ್ಟ. ಗ್ಯಾವಿನ್ ಕೂಡ ಮಾತಾಡಿದ ಹಣ ತೆಗೆದುಕೊಂಡು ಮನೆಗೆ ಹೋದ. ಮುಂದೆ ಮೆಕ್ಸಿಕೋಗೆ ಅಮೆರಿಕದ ರಾಯಭಾರಿಯಾದ. ಸಾಮಾನ್ಯವಾಗಿ ರಾಯಭಾರ ಕಚೇರಿಯಲ್ಲಿ ಕೂತವನೇ ಗುಟ್ಟಾಗಿ ಗೂಢಚಾರನಾಗಿರುತ್ತಾನೆ, ಇವನದು ತಿರುವುಮುರುವು.

ನಮ್ಮ ಮೇಜಿನ ಮೇಲೆ ಪ್ರತಿ ಸಲವೂ ಬರುವ ಇನ್ನೊಂದು ವಾದ, ಬಾಂಡ್ ಅಪ್ಪಟ ಇಂಗ್ಲಿಷಿನವನಾಗಿರಬೇಕು ಎಂಬುದು. ಎಣಿಸಿ ನೋಡಿ. ಕಾನರಿ ಎಡಿನ್‌ಬರೊದ ಸ್ಕಾಟ್. ಜಾರ್ಜ್ ಲೇಜನ್‌ಬಿ ಆಸ್ಟ್ರೇಲಿಯಾದವನು. ಡಾಲ್ಟನ್ ಹುಟ್ಟಿದ್ದು ವೇಲ್ಸ್‌ನಲ್ಲಿ. ಬ್ರಾಸ್ನನ್ ಐರ್ಲೆಂಡಿನವನು. ಇಂಗ್ಲೆಂಡಿನ ಮಣ್ಣಲ್ಲಿ ಹುಟ್ಟಿದವರು ರೋಜರ್ ಮೂರ್, ಕ್ರೇಗ್ ಇಬ್ಬರೇ. ಆರಕ್ಕೆ ಎರಡು. ಬಾಂಡ್‌ನನ್ನು ಬರೆದ ಇಯಾನ್ ಫ್ಲೆಮಿಂಗ್‌ಗೂ ಕಾನರಿಯನ್ನು ಕಂಡಾಗ ಮುಖ ಹುಳ್ಳಗಾಗಿತ್ತಂತೆ. ಎರಡು ವರ್ಷ ಕಳೆಯುವಷ್ಟರಲ್ಲಿ ಮನಸ್ಸು ತಿರುಗಿತು. 1964ರ ‘ಯು ಓನ್ಲಿ ಲಿವ್ ಟ್ವೈಸ್’ ಕಾದಂಬರಿಯಲ್ಲಿ ಬಾಂಡ್‌ನ ತಂದೆ ಸ್ಕಾಟ್ಲೆಂಡಿನವನಾದ. ನಟನಿಗೆ ಹೊಂದುವಂತೆ ಪಾತ್ರದ ವಂಶಾವಳಿಯನ್ನೇ ತಿದ್ದಿದ ಲೇಖಕನ ಮುಂದೆ ನಮ್ಮ ಶುದ್ಧಾಶುದ್ಧದ ಲೆಕ್ಕ ಎಲ್ಲಿಯದು?

ಕಾನರಿಯ ಆಯ್ಕೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಿರ್ಮಾಪಕ ಆಲ್ಬರ್ಟ್ ಬ್ರಾಕೊಲಿಗೆ ಕ್ಯಾರಿ ಗ್ರಾಂಟ್‌ನಂಥ ಮಹಾತಾರೆ ಆಪ್ತ ಗೆಳೆಯ. ಆದರೆ ಸರಣಿ ಕಟ್ಟಬೇಕಾದವನಿಗೆ ದೊಡ್ಡ ತಾರೆಯ ದರವೂ ಆಗದು, ಒಂದು ಚಿತ್ರ ಮುಗಿಸಿ ಕೈ ಕೊಡುವ ಸ್ವಾತಂತ್ರ್ಯವೂ ಆಗದು. ಸಿಕ್ಕಿದ್ದು ಹಿಂದೊಮ್ಮೆ ಹಾಲು ಹಾಕುತ್ತಿದ್ದ, ಮೈಕಟ್ಟಿನ ಸ್ಪರ್ಧೆಗೆ ನಿಂತಿದ್ದ ಹುಡುಗ. ಭೇಟಿ ಮುಗಿಸಿ ಹೊರಟವನನ್ನು ಬ್ರಾಕೊಲಿ ಮತ್ತು ಪಾಲುದಾರ ಹ್ಯಾರಿ ಸಾಲ್ಟ್ಜ್‌ಮನ್ ಕಿಟಕಿಯಿಂದ ನೋಡುತ್ತಾ ನಿಂತರಂತೆ. ಆ ದೊಡ್ಡ ಮೈ ಬೆಕ್ಕಿನಂತೆ ಸದ್ದಿಲ್ಲದೆ ರಸ್ತೆ ದಾಟುವುದನ್ನು ಕಂಡು ತೀರ್ಮಾನವಾಯಿತು. ಒಳಗೆ ಏನು ಮಾತಾಡಿದ ಎಂಬುದಕ್ಕಿಂತ ಹೊರಗೆ ಹೇಗೆ ನಡೆದ ಎಂಬುದಕ್ಕೆ ಅಂಕ ಬಿತ್ತು.

ಮಿಕ್ಕದ್ದು ನಿರ್ದೇಶಕ ಟೆರೆನ್ಸ್ ಯಂಗ್‌ನ ಕಸುಬು. ಅವನು ಕಾನರಿಯನ್ನು ತನ್ನ ದರ್ಜಿ ಆಂಥನಿ ಸಿಂಕ್ಲೇರ್ ಬಳಿ ಕರೆದೊಯ್ದು ಸೂಟು ಹೊಲಿಸಿದ, ಅದನ್ನು ಹಾಕಿಕೊಂಡೇ ಮಲಗು ಎಂದ. ಬೆಳಿಗ್ಗೆ ಎದ್ದಾಗ ಸೂಟು ಚರ್ಮವಾಗಿರಬೇಕು. ‘ಡಾಕ್ಟರ್ ನೋ’ದಲ್ಲಿ ಬಾಂಡ್ ಪ್ರವೇಶವಾಗುವ ಜೂಜಿನ ಮೇಜನ್ನು ಮತ್ತೆ ನೋಡಿ. ಮೊದಲು ಇಸ್ಪೀಟೆಲೆ ಹಿಡಿದ ಕೈ, ಆಮೇಲೆ ಬೆನ್ನು, ಕೊನೆಗೆ ಸಿಗರೇಟು ಹೊತ್ತಿಸುವಾಗ ಮುಖ. ವೇಷ ಮೊದಲು ಬರುತ್ತದೆ, ವೇಷಧಾರಿ ಹಿಂದಿನಿಂದ ಬರುತ್ತಾನೆ.

ಲೇಜನ್‌ಬಿ ಈ ಗುಟ್ಟನ್ನು ಬೇರೆ ಯಾರಿಗಿಂತ ಚೆನ್ನಾಗಿ ಅರಿತಿದ್ದ. ಚಾಕೊಲೇಟ್ ಜಾಹೀರಾತಿನ ರೂಪದರ್ಶಿ, ನಟನೆ ಗೊತ್ತಿಲ್ಲ. ಕಾನರಿಯ ಕ್ಷೌರಿಕನ ಬಳಿ ಕೂದಲು ಕತ್ತರಿಸಿಕೊಂಡ, ಕಾನರಿ ಒಯ್ಯದೆ ಬಿಟ್ಟಿದ್ದ ಸೂಟೊಂದನ್ನು ದರ್ಜಿಯಿಂದ ಗಿಟ್ಟಿಸಿದ, ಹೋಗಿ ನಿಂತ. ಪರೀಕ್ಷೆಯ ಹೊಡೆದಾಟದಲ್ಲಿ ಎದುರಾಳಿಯ ಮೂಗಿಗೆ ನಿಜವಾಗಿಯೇ ಗುದ್ದಿ ಪಾತ್ರ ಗೆದ್ದ. 1969ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ನಲ್ಲಿ ಅವನ ನಟನೆ ಸಾಧಾರಣ. ಚಿತ್ರ ಮಾತ್ರ ಇಪ್ಪತ್ತೈದರಲ್ಲಿ ಮೊದಲ ಮೂರರೊಳಗೆ ಬರುತ್ತದೆಂದು ನಾನು ಪಣ ತೊಡುತ್ತೇನೆ. ಹೀಗೂ ಆಗುತ್ತದೆ. ಅಷ್ಟೆಲ್ಲ ಗೆದ್ದವನು ಬಾಂಡ್ ಕಾಲ ಮುಗಿಯಿತೆಂಬ ಏಜೆಂಟನ ಮಾತು ನಂಬಿ ಒಂದೇ ಚಿತ್ರಕ್ಕೆ ಬಿಟ್ಟುಹೋದ. ಪ್ರೀಮಿಯರ್‌ಗೆ ಗಡ್ಡ ಬಿಟ್ಟುಕೊಂಡು ಬಂದಿದ್ದ.

ಅಭಿಮಾನಿಗಳ ಲೆಕ್ಕ ಯಾವತ್ತು ಸರಿಯಾಗಿತ್ತು? 2005ರ ಅಕ್ಟೋಬರ್‌ನಲ್ಲಿ ಕ್ರೇಗ್‌ನನ್ನು ಥೇಮ್ಸ್ ನದಿಯಲ್ಲಿ ನೌಕಾಪಡೆಯ ದೋಣಿಯಲ್ಲಿ ಕರೆತಂದರು. ಸೂಟಿನ ಮೇಲೆ ಜೀವರಕ್ಷಕ ಜಾಕೆಟ್ ಬೇರೆ. ಗೂಢಚಾರನಿಗೆ ಈಜು ಬಾರದೇ ಎಂದು ಗೇಲಿ, ಹೊಂಬಣ್ಣದ ಕೂದಲಿನ ಬಾಂಡ್ ನಮಗೆ ಬೇಡವೆಂದು ಬಹಿಷ್ಕಾರದ ಕರೆ. ಆಗ ನಾನೂ ಗೊಣಗಿದ್ದೆ, ಸುಳ್ಳು ಹೇಳುವುದೇಕೆ. ಅಭಿಮಾನಿಗಳ ಭಾಷೆಯಲ್ಲಿ ಹೇಳುವುದಾದರೆ ನಮಗೆಲ್ಲ ಟೋಪಿ ಹಾಕಿದರು. ಒಂದು ವರ್ಷದ ನಂತರ ‘ಕ್ಯಾಸಿನೊ ರಾಯಲ್’ ಬಂದಾಗ ಬಾಯಿ ಮುಚ್ಚಿಕೊಂಡೆವು. 2012ರ ‘ಸ್ಕೈಫಾಲ್’ ನೂರು ಕೋಟಿ ಡಾಲರ್ ದಾಟಿತು.

ಕಾನರಿ, ಲೇಜನ್‌ಬಿ, ಕ್ರೇಗ್ ಯಾರೂ ಬಾಂಡ್ ಆಗುವ ಮೊದಲು ಪಾತ್ರಕ್ಕಿಂತ ದೊಡ್ಡವರಾಗಿರಲಿಲ್ಲ. ಮೂರ್ ‘ದಿ ಸೇಂಟ್’ನಿಂದ ಹೆಸರಾಗಿದ್ದ, ಬ್ರಾಸ್ನನ್‌ನದೂ ಪರಿಚಯದ ಮುಖ. ಆದರೆ ಅದು ಟೀವಿಯ ಹೆಸರು. ಸಿನಿಮಾದ ದೊರೆ ಯಾರೂ ಆ ಕುರ್ಚಿಯಲ್ಲಿ ಕೂತಿಲ್ಲ. ಕೂತಿದ್ದರೆ ಕುರ್ಚಿಯೇ ಉಳಿಯುತ್ತಿರಲಿಲ್ಲ.

ಕನ್ನಡದವರಿಗೆ ಇದು ಬೇಗ ತಿಳಿಯಬೇಕು. ನಮ್ಮಲ್ಲೂ ಒಬ್ಬ ನಂಬರಿನ ಗೂಢಚಾರನಿದ್ದ. 1968ರಲ್ಲಿ ದೊರೆ–ಭಗವಾನ್ ಜೋಡಿ ‘ಜೇಡರ ಬಲೆ’ ತೆಗೆದಾಗ, ಮೂರೇ ವರ್ಷದ ಹಿಂದೆ ಸತ್ಯಹರಿಶ್ಚಂದ್ರನಾಗಿದ್ದ ರಾಜ್‌ಕುಮಾರ್ ಸೂಟು ತೊಟ್ಟು ಸಿ.ಐ.ಡಿ. 999 ಆದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಬಹಳ ತಡವಾಗಿ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಅಲ್ಲಿಗೆ ಮುಗಿಯಿತು. ಮುಂದಿನ 999 ಯಾರು ಎಂಬ ಜಗಳವನ್ನು ನಾನು ಎಲ್ಲೂ ಕೇಳಿಲ್ಲ. ಆ ಕೊನೆಯ ಚಿತ್ರದಿಂದ ಜನ ನೆನಪಿಟ್ಟದ್ದು ಅಣ್ಣಾವ್ರು ಇಂಗ್ಲಿಷಿನಲ್ಲಿ ಹಾಡಿದ್ದನ್ನು, ಏಜೆಂಟ್ ಯಾವ ವಜ್ರ ಹುಡುಕಿದನೆಂದಲ್ಲ. 999 ರಾಜ್‌ಕುಮಾರರ ನೂರಾರು ವೇಷಗಳಲ್ಲಿ ಒಂದು. ನಟ ಹೋದರೆ ವೇಷ ಖಾಲಿ ಬಟ್ಟೆ. 007 ಹಾಗಲ್ಲ. ಅಲ್ಲಿ ಬಟ್ಟೆ ಮೊಳೆಗೆ ತೂಗುಹಾಕಿಯೇ ಇರುತ್ತದೆ, ತೊಡುವವನು ಬದಲಾಗುತ್ತಾನೆ. ಯಾವುದು ದೊಡ್ಡದೆಂಬ ಮಾತು ಬೇರೆ, ಆದರೆ ಅರವತ್ತು ವರ್ಷ ನಡೆಯುವುದು ಎರಡನೆಯದು.

ಆದ್ದರಿಂದಲೇ ನನಗೆ ಈಗಿನ ಹೊಸ ಮನೆಯೊಡೆಯರ ಬಗ್ಗೆ ಅಂಜಿಕೆ. ಅಮೆಜಾನ್ 845 ಕೋಟಿ ಡಾಲರ್ ಕೊಟ್ಟು ಎಂ.ಜಿ.ಎಂ. ಸ್ಟುಡಿಯೊ ಕೊಂಡದ್ದು 2022ರಲ್ಲಿ ಪೂರ್ಣವಾಯಿತು. 2025ರ ಫೆಬ್ರುವರಿಯಲ್ಲಿ ಬ್ರಾಕೊಲಿಯ ಮಗಳು ಬಾರ್ಬರಾ, ಮಲಮಗ ಮೈಕೆಲ್ ವಿಲ್ಸನ್ ಕಥೆ–ಪಾತ್ರಗಳ ಹಿಡಿತ ಬಿಟ್ಟುಕೊಟ್ಟರು. ಕ್ರೇಗ್‌ಗಾಗಿ ಎಲ್ಲರ ವಿರುದ್ಧ ನಿಂತ ಹೆಂಗಸು ಬಾರ್ಬರಾ. ಅದೇ ವರ್ಷದ ಆಗಸ್ಟ್ ಹೊತ್ತಿಗೆ ನಿರ್ಮಾಪಕರಾಗಿ ಏಮಿ ಪಾಸ್ಕಲ್, ಡೇವಿಡ್ ಹೇಮನ್, ನಿರ್ದೇಶನಕ್ಕೆ ‘ಡ್ಯೂನ್’ನ ಡೆನಿ ವಿಲ್‌ನವ್, ಬರವಣಿಗೆಗೆ ‘ಪೀಕಿ ಬ್ಲೈಂಡರ್ಸ್’ನ ಸ್ಟೀವನ್ ನೈಟ್ ಕೂಡಿಬಂದರು. ಅಡುಗೆಯವರೆಲ್ಲ ಬಂದಿದ್ದರು, ಮದುಮಗನೊಬ್ಬ ಬಾಕಿ. ಅಷ್ಟು ದುಡ್ಡು ಸುರಿದವರು ಮುಖಪರಿಚಯದ ತಾರೆಯನ್ನೇ ಬಯಸಿದರೆ ಆಶ್ಚರ್ಯವಿಲ್ಲ. ಒಂದು ಸಮಾಧಾನ: ಕ್ರೇಗ್ ಆಯ್ಕೆಯಾದಾಗ ಸೋನಿಯಲ್ಲಿ ಕೂತಿದ್ದವರು ಇದೇ ಪಾಸ್ಕಲ್.

ಬಾಂಡ್ ಆಗಲು ಬಂದವರಿಗೆ ಬಹುಕಾಲದಿಂದ ಕೊಡುವ ಪರೀಕ್ಷೆ ಒಂದಿದೆ. ‘ಫ್ರಮ್ ರಷ್ಯಾ ವಿತ್ ಲವ್’ನಲ್ಲಿ ಬಾಂಡ್ ಹೋಟೆಲ್ ಕೋಣೆಗೆ ಮರಳಿದಾಗ ಹಾಸಿಗೆಯಲ್ಲಿ ರಷ್ಯದ ಹುಡುಗಿ ಇರುವ ದೃಶ್ಯ. 1986ರಲ್ಲಿ ಸ್ಯಾಮ್ ನೀಲ್ ಇದನ್ನು ಮಾಡಿದ ತುಣುಕು ನೋಡಿದ್ದೇನೆ. ಒಳ್ಳೆಯ ನಟ, ಮಾತು ಸೊಗಸು, ಆದರೆ ಬಾಗಿಲಿಂದ ಹಾಸಿಗೆಯವರೆಗಿನ ನಾಲ್ಕು ಹೆಜ್ಜೆಯಲ್ಲಿ ಅವನು ಅತಿಥಿ, ಕೋಣೆಯ ಯಜಮಾನನಲ್ಲ.

“ಹೆಸರು ಹೇಳಿ ಅಂಕಲ್, ತಪ್ಪಿಸ್ಕೋಬೇಡಿ,” ಎಂದಳು ಹುಡುಗಿ.

ಹೇಳಿದೆ: ಹ್ಯಾರಿಸ್ ಡಿಕಿನ್ಸನ್. 1996ರಲ್ಲಿ ಹುಟ್ಟಿದವನು, ಲಂಡನ್ನಿನ ಹುಡುಗ. 2022ರ ‘ಟ್ರಯಾಂಗಲ್ ಆಫ್ ಸ್ಯಾಡ್‌ನೆಸ್’ನ ಆರಂಭದಲ್ಲಿ ಅವನು ಆಯ್ಕೆಗೆ ಬಂದ ರೂಪದರ್ಶಿ, ಮೇಜಿನ ಹಿಂದೆ ಕೂತವರು ನಡೆದು ತೋರಿಸು ಎನ್ನುತ್ತಾರೆ. ಅವನು ನಡೆಯುವಾಗ ಗತ್ತು ಇದೆ, ಗತ್ತಿನ ಅಡಿಯಲ್ಲೊಂದು ಅಳುಕೂ ಇದೆ. ಕ್ರೇಗ್‌ನ ಗಾಯಗಳ ನಂತರ, ಮೂರ್‌ನ ತುಂಟ ಹುಬ್ಬಿನ ನಂತರ, ಇನ್ನೂ ಯಾರೂ ಆಡದೆ ಉಳಿದದ್ದು ಆ ಅಳುಕೇ ಎಂದು ನನ್ನ ಎಣಿಕೆ. ಗೆಳೆಯನಿಗೆ ಒಪ್ಪಿಗೆಯಾಗಲಿಲ್ಲ. “ಆ ಸಣ್ಣಕಡ್ಡಿನಾ?” ಎಂದ. ದವಡೆಯ ಚರ್ಚೆ ಮತ್ತೆ ಶುರುವಾಯಿತು.

ಯಾರೇ ಬರಲಿ, ನನ್ನದೊಂದು ಬೇಡಿಕೆ. ಆ ಬಿಳಿ ವೃತ್ತದಲ್ಲಿ ಲೇಜನ್‌ಬಿ ಮಂಡಿಯೂರಿದ. ಮೂರ್ ಬರುವಾಗ ಟೋಪಿ ಕಳಚಿ, ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದ. ಅಂದಿನಿಂದ ಅಲ್ಲಿ ಟೋಪಿ ಕಂಡಿಲ್ಲ. ಈ ಸಲ ಬಾಬ್ ಸಿಮನ್ಸನ ಹಾಗೆ ಟೋಪಿ ಹಾಕಿಯೇ ನಡೆಸಲಿ. ನಮಗಲ್ಲ, ಅವನಿಗೆ.