ಗೀಸರು ಬದಲಾವಣೆಯ ಚೀಟಿಗೆ ಒಂದು ಟೀಕು

ಬಚ್ಚಲುಮನೆಯ ಹಳೆಯ ಗೀಸರನ್ನು ತೆಗೆದು ಹೊಸದನ್ನು ಕೂರಿಸಲು ಬೆಂಗಳೂರಿನ ಪ್ಲಂಬರನು ಬರೆದುಕೊಡುವಂಥ ಅಂದಾಜು ಚೀಟಿಯೇ ಇಲ್ಲಿ ಮೂಲ. ಅದರ ಮೊತ್ತಗಳು ಅಂಗಡಿಗೂ ಬಡಾವಣೆಗೂ ತಕ್ಕಂತೆ ಏರಿಳಿಯತಕ್ಕವು; ಉದಾಹರಣೆಯೆಂದಷ್ಟೇ ಗ್ರಹಿಸಬೇಕು. ಬೆಲೆ ಹಿರಿದಾದ ಸಾಲಿಗಿಂತ ಬೆಲೆಯೇ ನಮೂದಾಗದ ಸಾಲುಗಳು ಈ ಮೂಲದಲ್ಲಿ ಗಹನವಾಗಿವೆ. ಆದಕಾರಣ ವಿವರಣೆಯೂ ಅಲ್ಲಿಯೇ ಹೆಚ್ಚು ನಿಲ್ಲುತ್ತದೆ.

“ಹಳೇ ಗೀಸರ್ ಬಿಚ್ಚಿ ಇಳಿಸೋದು — ₹300.” ಬಿಚ್ಚುವುದಕ್ಕೆ ಮುನ್ನ ಬಿಚ್ಚಲೇಬೇಕೆ ಎಂಬ ಶಂಕೆ ಏಳುತ್ತದೆ, ಚೀಟಿ ಅದನ್ನು ಎತ್ತುವುದಿಲ್ಲ. ನೀರು ಕಾಯದಿದ್ದರೆ ದೋಷವು ಕಾಯಿಲಿನದು, ಅಂದರೆ ನೀರನ್ನು ಕಾಯಿಸುವ ದಂಡದ್ದು, ಆಗಿರಬಹುದು. ಅಥವಾ ಥರ್ಮೋಸ್ಟಾಟಿನದು, ಅಂದರೆ ಶಾಖ ಸಾಕೆಂದು ಅರಿತು ವಿದ್ಯುತ್ತನ್ನು ಕಡಿಯುವ ಬಿಡಿಭಾಗದ್ದು. ಇವೆರಡನ್ನೂ ಬೇರೆ ತಂದು ಹಾಕಬಹುದು. ಅಷ್ಟಕ್ಕೆ ಗೀಸರು ಗೋಡೆಯಿಂದ ಇಳಿಯಬೇಕಾಗಿಲ್ಲ. ಒಳಗಿನ ತೊಟ್ಟಿಯೇ ತೂತಾಗಿ ಹೊರಗವಚದ ಸಂದಿಯಿಂದ ನೀರು ಜಿನುಗಿದರೆ ಮಾತ್ರ ಬೇರೆ ಗತಿಯಿಲ್ಲ. ಗಾಜಿನ ಲೇಪವುಳ್ಳ ಉಕ್ಕಿನ ತೊಟ್ಟಿಗೆ ಬೆಸುಗೆ ಹಾಕಹೊರಟರೆ ಆ ಬಿಸಿಗೆ ಸುತ್ತಣ ಲೇಪವೇ ಒಡೆಯುತ್ತದೆ. ಹೀಗಾಗಿ ಈ ₹300 ತೊಟ್ಟಿ ಸತ್ತಿದೆ ಎಂಬ ನಿರ್ಣಯವಾದ ಮೇಲೆ ಸಲ್ಲತಕ್ಕ ಕೂಲಿ. ‘ಇಳಿಸೋದು’ ಎಂಬುದರಲ್ಲಿ ಎರಡು ಕ್ರಿಯೆಗಳು ಅಡಗಿವೆ. ಒಂದು, ಬಚ್ಚಲಿನ ಸ್ವಿಚ್ಚನ್ನಷ್ಟೇ ಅಲ್ಲದೆ ಮನೆಯ ವಿದ್ಯುತ್ ಡಬ್ಬಿಯಲ್ಲಿರುವ ಎಂಸಿಬಿಯನ್ನೂ ಕೆಳಗೆ ಮಾಡುವುದು. ಎರಡು, ತೊಟ್ಟಿಯನ್ನು ಬರಿದು ಮಾಡುವುದು. ನಲ್ಲಿ ನಿಂತರೂ ಒಳಗಿನ ನೀರು ಒಳಗೇ ಇರುತ್ತದೆ, ಅದರ ಭಾರದೊಡನೆ ಇಳಿಸಹೊರಟರೆ ಕೈ ಸೋಲುತ್ತದೆ.

“15 ಲೀಟರ್ ಹೊಸ ಗೀಸರ್, 5 ಸ್ಟಾರ್, 8 ಬಾರ್, ಜಿಎಸ್‌ಟಿ ಸೇರಿ — ₹8,500.” ಕಣ್ಣು ಮೊದಲು ಬೀಳುವುದು ಈ ಸಾಲಿನ ಮೇಲೆ. ‘ಜಿಎಸ್‌ಟಿ ಸೇರಿ’ ಎಂದರೆ ಶೇ. 18ರ ತೆರಿಗೆ ಒಳಗೊಂಡು. ₹8,500ರಲ್ಲಿ ವಸ್ತುವಿನ ಪಾಲು ಸುಮಾರು ₹7,203, ತೆರಿಗೆಯ ಪಾಲು ಸುಮಾರು ₹1,297. ‘15 ಲೀಟರ್’ ಎಂಬುದು ತೊಟ್ಟಿ ಒಮ್ಮೆಗೆ ಹಿಡಿಯುವ ನೀರು. 25 ಡಿಗ್ರಿಯ ಆ ನೀರನ್ನು 60 ಡಿಗ್ರಿಗೆ ಏರಿಸಲು 0.6 ಯೂನಿಟ್ಟಿಗೆ ತುಸು ಮೇಲ್ಪಟ್ಟ ವಿದ್ಯುತ್ತು ಬೇಕು. 2,000 ವಾಟಿನ ಕಾಯಿಲು ಅದನ್ನು ಹದಿನೆಂಟು ಹತ್ತೊಂಬತ್ತು ನಿಮಿಷದಲ್ಲಿ ಮುಗಿಸುತ್ತದೆ. 25 ಲೀಟರಿನದಾದರೆ ಒಂದು ಯೂನಿಟ್ಟು, ಅರ್ಧ ಗಂಟೆ. ಒಬ್ಬರ ಹಿಂದೆ ಒಬ್ಬರು ಬಕೆಟ್ಟಿನಲ್ಲಿ ಬೆರಸಿ ಮೀಯುವ ಮನೆಗೆ 15 ಸಾಕು. ಷವರಿನ ಕೆಳಗೆ ನಿಲ್ಲುವ ಮನೆಗೆ ಸಾಲದು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮನೆಗಳಿಗೆ ಈ ಲೆಕ್ಕ ಇನ್ನೂ ಮುಖ್ಯ. ಅಲ್ಲಿ ಉಚಿತವಾಗಿ ಸಲ್ಲುವುದು ಹಿಂದಿನ ಸರಾಸರಿ ಬಳಕೆ ಹಾಗೂ ಅದರ ಮೇಲೆ ಸ್ವಲ್ಪ ಹೆಚ್ಚುವರಿ, ಅದೂ 200 ಯೂನಿಟ್ಟಿನ ಒಳಗೆ.

‘5 ಸ್ಟಾರ್’ ಎಂಬುದಕ್ಕೆ ಬೇಗ ಕಾಯುವುದು ಎಂದು ಜನ ಅರ್ಥ ಹಚ್ಚುತ್ತಾರೆ, ಅದು ಅಪಾರ್ಥ. ಕಾದ ನೀರು ಬಳಕೆಯಿಲ್ಲದೆ ಸುಮ್ಮನಿರುವಾಗ 24 ಗಂಟೆಗಳಲ್ಲಿ ತೊಟ್ಟಿಯ ಮೈಯಿಂದ ಎಷ್ಟು ಶಾಖ ಸೋರುತ್ತದೆ ಎಂಬುದೇ ನಕ್ಷತ್ರಗಳ ಅಳತೆ. ಮಿಂದೊಡನೆ ಸ್ವಿಚ್ಚು ಆರಿಸುವ ಮನೆಯಲ್ಲಿ ಐದನೆಯ ನಕ್ಷತ್ರದ ಫಲ ಅಲ್ಪ. ದಿನವಿಡೀ ಉರಿಯಬಿಡುವಲ್ಲಿ ಅಧಿಕ. ‘8 ಬಾರ್’ ಎಂಬುದು ತೊಟ್ಟಿ ತಾಳಿಕೊಳ್ಳುವ ಒತ್ತಡ. ನೀರು ಹತ್ತು ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಸುಮಾರು ಒಂದು ಬಾರ್ ಒತ್ತಡ ಬೀಳುತ್ತದೆ. ತಾರಸಿಯ ಟ್ಯಾಂಕಿನಿಂದ ಐದು ಮೀಟರ್ ಕೆಳಗಿರುವ ಬಚ್ಚಲಿಗೆ ಬೀಳುವುದು ಅರ್ಧ ಬಾರ್ ಮಾತ್ರ. ಹಾಗಾದರೆ ಎಂಟು ಏಕೆ? ಬಹುಮಹಡಿಯ ಕೆಳಗಿನ ಅಂತಸ್ತುಗಳೂ ಪ್ರೆಶರ್ ಪಂಪು ಇಟ್ಟ ಮನೆಗಳೂ ಇದಕ್ಕೆ ಉತ್ತರ.

“ಸೇಫ್ಟಿ ವಾಲ್ವ್ — ಬಾಕ್ಸಲ್ಲೇ ಇದೆ.” ಮೊತ್ತವಿಲ್ಲದ ಸಾಲು, ಆದರೆ ಇಡೀ ಚೀಟಿಯ ಪ್ರಾಣ ಇದರಲ್ಲಿದೆ. ತಣ್ಣೀರು ಒಳಬರುವ ಬಾಯಿಗೆ ತಿರುಪಿ ಕೂರಿಸುವ ಈ ಹಿತ್ತಾಳೆಯ ತುಂಡು ಎರಡು ಕೆಲಸ ಮಾಡುತ್ತದೆ: ಒಳಹೋದ ನೀರನ್ನು ಹಿಂದಕ್ಕೆ ಬಿಡದು, ಒತ್ತಡ ಮಿತಿಮೀರಿದರೆ ಹೊರಕ್ಕೆ ಬಿಡುವುದು. ಮಿತಿಮೀರುವುದು ಹೇಗೆಂದರೆ, ಕಾದ ನೀರು ಹಿಗ್ಗುತ್ತದೆ. 25ರಿಂದ 60 ಡಿಗ್ರಿಗೆ ಏರುವಾಗ 15 ಲೀಟರು ಸುಮಾರು 200 ಮಿಲಿಲೀಟರಿನಷ್ಟು, ಅಂದರೆ ಒಂದು ಲೋಟದಷ್ಟು, ಹೆಚ್ಚುತ್ತದೆ. ಹಿಂದಿನ ಹಂಡೆಗೆ ಬಾಯಿ ತೆರೆದಿತ್ತು. ಹಿಗ್ಗು ಮೇಲೇರುತ್ತಿತ್ತು, ಉಗಿ ಹಾರಿಹೋಗುತ್ತಿತ್ತು. ಗೀಸರಿಗೆ ಬಾಯಿ ಮುಚ್ಚಿದೆ. ನಲ್ಲಿಯೂ ಮುಚ್ಚಿದ್ದರೆ ಆ ಒಂದು ಲೋಟ ನೀರಿಗೆ ಈ ವಾಲ್ವೊಂದೇ ದಾರಿ. ಕಾಯುವ ಹೊತ್ತಿನಲ್ಲಿ ಅಲ್ಲಿಂದ ಹನಿ ತೊಟ್ಟಿಕ್ಕಿದರೆ ಅದು ದೋಷವಲ್ಲ, ಗುಣ. ಇದನ್ನರಿಯದೆ ಹನಿಯುವ ಬಾಯಿಗೆ ಡಮ್ಮಿ, ಅಂದರೆ ಬೆಣೆಯಂಥ ಮುಚ್ಚಳ, ತಿರುಪುವವರು ಉಂಟು. ಥರ್ಮೋಸ್ಟಾಟೂ ಅದು ಸೋತಾಗ ವಿದ್ಯುತ್ತನ್ನು ಕಡಿಯಬೇಕಾದ ಕಟೌಟೂ ಒಟ್ಟಿಗೆ ಕೆಟ್ಟ ದಿನ ಅಂಥ ಗೀಸರು ಸಿಡಿಯುತ್ತದೆ. ಹಳೆಯ ವಾಲ್ವನ್ನೇ ಹೊಸದಕ್ಕೆ ಹಾಕಿ ಬಾಕ್ಸಿನದನ್ನು ಚೀಲಕ್ಕಿಳಿಸುವ ಕೈಗಳೂ ಇಲ್ಲದಿಲ್ಲ. ಮನೆಯವರು ಡಬ್ಬಿ ತೆರೆಯುವಾಗ ಎದುರಿಗಿರುವುದು ಲೇಸು.

“ಕನೆಕ್ಷನ್ ಪೈಪ್ 2, ಆಂಗಲ್ ಕಾಕ್, ಟೆಫ್ಲಾನ್ ಟೇಪ್ — ₹700.” ಎರಡು ಪೈಪುಗಳೆಂದರೆ ನೀಲಿ ಗುರುತಿನ ಬಾಯಿಗೆ ತಣ್ಣೀರಿನದು, ಕೆಂಪಿಗೆ ಬಿಸಿನೀರಿನದು. ಬಿಸಿಯ ಕಡೆ ಸಾಮಾನ್ಯ ಪಿವಿಸಿ ಸಲ್ಲದು, ಮೆತ್ತಗಾಗಿ ಬಾಗುತ್ತದೆ. ಸಿಪಿವಿಸಿ ಅಥವಾ ಲೋಹ ಬೇಕು. ಉಳಿದದ್ದು ಸ್ಪಷ್ಟ.

“ಫಾಸ್ಟ್ನರ್, ಫಿಟ್ಟಿಂಗ್ ಲೇಬರ್ — ₹600.” ಫಾಸ್ಟ್ನರ್ ಎಂದರೆ ಗೋಡೆಯೊಳಗೆ ಹಿಗ್ಗಿ ಹಿಡಿಯುವ ಬೋಲ್ಟು. ತುಂಬಿದ ಗೀಸರಿನಲ್ಲಿ ನೀರಿನ ಭಾರವೇ 15 ಕೆಜಿ, ಅದರ ಮೇಲೆ ಉಪಕರಣದ ಸ್ವಂತ ಭಾರ. ಸುಟ್ಟ ಇಟ್ಟಿಗೆಯ ಗೋಡೆ ಇದನ್ನು ಹೊರುತ್ತದೆ. ಟೊಳ್ಳು ಬ್ಲಾಕಿನ ಗೋಡೆಯಲ್ಲಿ ಸಾಧಾರಣ ಬೋಲ್ಟು ಹಿಡಿತಕ್ಕೆ ಬಾರದು.

“ವೈರ್, 16 ಆಂಪ್ಸ್ ಪ್ಲಗ್ — ಬೇಕಾದ್ರೆ ಎಕ್ಸ್‌ಟ್ರಾ.” ಇಲ್ಲಿ ‘ಬೇಕಾದ್ರೆ’ ಎಂಬ ಪದವನ್ನು ಒಪ್ಪಲಾಗದು. 2,000 ವಾಟು ಎಂದರೆ 230 ವೋಲ್ಟಿನಲ್ಲಿ 8.7 ಆಂಪಿಯರ್; ಫೋನು, ಮಿಕ್ಸಿ ಚುಚ್ಚುವ 6 ಆಂಪಿನ ಪ್ಲಗ್ಗು ಇದರ ಕೆಳಗೆ ಕಾಯುತ್ತ ಕಾಯುತ್ತ ಕರಗುತ್ತದೆ. 16 ಆಂಪಿನ ಪ್ಲಗ್ಗು, 2.5 ಚದರ ಮಿಲಿಮೀಟರಿಗೆ ಕಡಮೆಯಲ್ಲದ ತಾಮ್ರದ ತಂತಿ, ಮೂರನೆಯ ದಪ್ಪ ಕಡ್ಡಿಗೆ ನಿಜವಾದ ಅರ್ಥಿಂಗ್, ಇವಿಷ್ಟು ಇದ್ದೇ ತೀರಬೇಕು. ಕಾಯಿಲಿನ ಹೊದಿಕೆ ಸೀಳಿದಾಗ ನೀರಿನ ಮೂಲಕ ಮೈಗೆ ಹರಿಯಲಿದ್ದ ವಿದ್ಯುತ್ತನ್ನು 30 ಮಿಲಿಆಂಪಿಯರಿನ ಆರ್‌ಸಿಸಿಬಿ ತಡೆಯುತ್ತದೆ. ಅದನ್ನು ಚೀಟಿ ಹೆಸರಿಸುವುದೇ ಇಲ್ಲ.

“ಹಳೇದು ಕೊಟ್ರೆ ಲೆಸ್ — ₹500. ಒಟ್ಟು ₹9,600.” ಲೆಸ್ ಎಂದರೆ ಕಡಿತ, ಗುಜರಿಗೆ ಸೇರುವ ಲೋಹದ ಬೆಲೆ. ಕೂಡಿ ಕಳೆದರೆ ಮೊತ್ತ ಸರಿಹೋಗುತ್ತದೆ. ವೈರಿನ ಲೆಕ್ಕ ಮಾತ್ರ ಇದರ ಹೊರಗಿದೆ.

“ವಾರಂಟಿ 2+4+7.” ಸೂತ್ರದಂತೆ ಸಂಕ್ಷಿಪ್ತ. ಇಡೀ ಉಪಕರಣಕ್ಕೆ 2 ವರ್ಷ, ಕಾಯಿಲಿಗೆ 4, ತೊಟ್ಟಿಗೆ 7 ಎಂದು ಬಿಡಿಸಬೇಕು. ಕೂಡಿಸಿ 13 ಎಂದು ಓದಬಾರದು. ಇಲ್ಲಿ ಒಂದು ಅಧ್ಯಾಹಾರ, ಅಂದರೆ ಮೂಲದಲ್ಲಿಲ್ಲದಿದ್ದರೂ ತಂದುಕೊಳ್ಳಬೇಕಾದ ಪದ, ಉಂಟು: ಆನೋಡ್. ಉಕ್ಕಿನ ತೊಟ್ಟಿಯೊಳಗೆ ಮೆಗ್ನೀಸಿಯಮ್ಮಿನ ಸರಳೊಂದನ್ನು ಇಳಿಬಿಟ್ಟಿರುತ್ತಾರೆ. ನೀರು ಕಬ್ಬಿಣವನ್ನು ಮುಟ್ಟುವುದಕ್ಕೆ ಮುನ್ನ ಈ ಸರಳನ್ನು ತಿನ್ನುತ್ತದೆ; ಸರಳು ಸವೆದು ಮುಗಿದ ಮೇಲೆ ಲೇಪದ ಬಿರುಕುಗಳಲ್ಲಿ ತುಕ್ಕು ಹಿಡಿಯುತ್ತದೆ. ಲವಣ ಹೆಚ್ಚಿರುವ ಬೋರ್ ನೀರಿನಲ್ಲಿ ಸವೆತ ಶೀಘ್ರ. ಅದೇ ನೀರಿನ ಸುಣ್ಣ ಕಾಯಿಲಿನ ಮೇಲೆ ಪದರಗಟ್ಟಿ, ಶಾಖ ನೀರಿಗೆ ಇಳಿಯದೆ ಕಾಯಿಲೇ ಬೇಯುತ್ತದೆ. ತೊಟ್ಟಿಯ ಏಳು ವರ್ಷ ಈ ಸರಳಿನ ಆಯುಸ್ಸಿಗೆ ಕಟ್ಟುಬಿದ್ದದ್ದು. ಕಾವೇರಿ ನೀರು ಬರುವ ಮನೆಗೆ ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ನೋಡಿದರೆ ಸಾಕು. ಬೋರ್ ನೀರಿನ ಮನೆಗೆ ವರ್ಷಕ್ಕೊಮ್ಮೆ ಬೇಕು. ಬದಲಿ ಸರಳಿನ ಬೆಲೆ ಹೊಸ ಗೀಸರಿನ ಮುಂದೆ ಏನೂ ಅಲ್ಲ. ಆದರೂ ಅದನ್ನು ಕೇಳಿ ಹಾಕಿಸುವ ಮನೆಗಳು ವಿರಳ.

ಚೀಟಿಯ ಬೆನ್ನಿಗೆ ಕೊನೆಯದಾಗಿ ಬರೆದದ್ದು: “ನೀರು ತುಂಬಿದ್ಮೇಲೆ ಆನ್ ಮಾಡಿ.” ತುಂಬಿದೆಯೆಂದು ತಿಳಿಯುವ ಬಗೆಯನ್ನು ಮೂಲ ಹೇಳಿಲ್ಲ. ಗೋಡೆಯ ಮೇಲಿನ ಗೀಸರಿನಲ್ಲಿ ಎರಡು ಬಾಯಿಗಳೂ ಕೆಳಗೇ ಕಂಡರೂ, ಬಿಸಿನೀರಿನ ಕೊಳವೆ ಒಳಗೊಳಗೇ ತೊಟ್ಟಿಯ ನೆತ್ತಿಯವರೆಗೆ ಏರಿರುತ್ತದೆ. ಆದ್ದರಿಂದ ನೆತ್ತಿ ಮುಟ್ಟಿದ ನೀರು ಮಾತ್ರ ಹೊರಬರುತ್ತದೆ. ಬಿಸಿನೀರಿನ ನಲ್ಲಿಯನ್ನು ತೆರೆದಿಟ್ಟರೆ ಮೊದಲು ಗಾಳಿ ಬುಸುಗುಟ್ಟುತ್ತದೆ, ಬಳಿಕ ಗಾಳಿನೀರು ಬೆರೆತು ಸಿಡಿಯುತ್ತದೆ, ಆಮೇಲೆ ಧಾರೆ ಒಂದೇ ಸಮ ಹರಿಯುತ್ತದೆ. ನಲ್ಲಿ ಮುಚ್ಚಿ ಸ್ವಿಚ್ಚು ಹಾಕತಕ್ಕದ್ದು ಆಗ. ಅದಕ್ಕೆ ಮುನ್ನ ಹಾಕಿದರೆ ಒಣಗಿದ ಕಾಯಿಲು ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ; ವಾರಂಟಿಯಲ್ಲಿ ಅದಕ್ಕಿರುವ 4 ವರ್ಷ ಅಂಥ ಸಾವಿಗೆ ಅನ್ವಯಿಸದು.