ಒಂದು ನಿಮಿಷಕ್ಕೆ ಸಿಕ್ಕ ‘ಎ’

ಕಿರುಚಿತ್ರವೊಂದಕ್ಕೆ ‘ಯು’ ಕೊಡಬೇಕೋ ‘ಎ’ ಕೊಡಬೇಕೋ ಎಂಬ ತಕರಾರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದುಂಟು. ಖ್ವಾಜಾ ಅಹ್ಮದ್ ಅಬ್ಬಾಸ್ ಅವರ ‘ಚಾರ್ ಶಹರ್ ಏಕ್ ಕಹಾನಿ’ ಕಪ್ಪು-ಬಿಳುಪಿನ ಸಾಕ್ಷ್ಯಚಿತ್ರ. ಮುಂಬಯಿ, ಕಲ್ಕತ್ತಾ, ಮದ್ರಾಸು, ದೆಹಲಿಗಳ ಮಹಲುಗಳನ್ನೂ ಕೊಳೆಗೇರಿಗಳನ್ನೂ ಅದು ಎದುರುಬದುರು ನಿಲ್ಲಿಸುತ್ತದೆ. ಬಡಕಲು ಮನುಷ್ಯನೊಬ್ಬ ಏದುಸಿರು ಬಿಡುತ್ತಾ ದಢೂತಿ ಗಿರಾಕಿಯ ರಿಕ್ಷಾ ಎಳೆಯುತ್ತಾನೆ. ಇನ್ನೊಂದು ದೃಶ್ಯದಲ್ಲಿ ಅವನೇ ರಿಕ್ಷಾದಲ್ಲಿ ಕೂತಿದ್ದಾನೆ, ಎಳೆಯುವವನು ಆ ಗಿರಾಕಿ.

ಮಂಡಳಿಯ ಕಣ್ಣು ಕುಕ್ಕಿದ್ದು ಇದಲ್ಲ, ಮುಂಬಯಿಯ ಕೆಂಪುದೀಪದ ಬೀದಿ. ಬಾಗಿಲು ಕಿಟಕಿಗಳಲ್ಲಿ ನಿಂತ ಹೆಂಗಸರು ಕ್ಯಾಮೆರಾ ಕಂಡೊಡನೆ ಒಳಸರಿಯುತ್ತಾರೆ. ಚಿತ್ರ ಅಲುಗಾಡುತ್ತದೆ, ಬೆಳಕೂ ಸಾಲದು. ಎಲ್ಲ ಸೇರಿ ಒಂದು ನಿಮಿಷವೂ ಇಲ್ಲ. ಆಮೇಲೆ ಹೆಣ್ಣಿನ ಕೈಯಲ್ಲಿ ಕೆಲವು ನೋಟು. ಗಂಡಸಿನ ಕೈಯೊಂದು ಬಂದು ಹೆಚ್ಚಿನವನ್ನು ಕಿತ್ತುಕೊಳ್ಳುತ್ತದೆ. ಮುಖಗಳಿಲ್ಲ. ಇಷ್ಟಕ್ಕೆ ‘ಎ’! ಕುಟುಂಬದವರು ನೋಡುವ ಸಿನಿಮಾದ ಜೊತೆ ತೋರಿಸಲಾಗದ ಸಾಕ್ಷ್ಯಚಿತ್ರಕ್ಕೆ ಆ ಕಾಲದಲ್ಲಿ ಬೇರೆ ಪರದೆ ಎಲ್ಲಿತ್ತು?

ಮೇಲ್ಮನವಿಯಲ್ಲಿ ಸರಕಾರ, ಆ ದೃಶ್ಯ ಕತ್ತರಿಸಿದರೆ ‘ಯು’ ಎಂದಿತು. ಪ್ರಕರಣ ಕೋರ್ಟಿನಲ್ಲಿದ್ದಾಗ ಕತ್ತರಿಯಿಲ್ಲದೆಯೇ ಕೊಡಲು ಒಪ್ಪಿತು. ಅಲ್ಲಿಗೆ ಅಬ್ಬಾಸ್ ಮನೆಗೆ ಹೋಗಬಹುದಿತ್ತು. ಅವರು ಅರ್ಜಿ ತಿದ್ದಿ, ಪೂರ್ವ ಸೆನ್ಸಾರ್ ಸಂವಿಧಾನಬದ್ಧವೇ ಎಂದು ಕೇಳಿದರು. 1970ರಲ್ಲಿ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಅವರ ಪೀಠ ಸೆನ್ಸಾರನ್ನು ಎತ್ತಿಹಿಡಿಯಿತು. ಆದರೆ ಕಾಮದ ಪ್ರಸ್ತಾಪವೆಲ್ಲ ಅಶ್ಲೀಲವಲ್ಲ, ಕಲೆಯನ್ನೂ ಕೊಳಕನ್ನೂ ಬೇರ್ಪಡಿಸುವ ಮಾನದಂಡ ಬೇಕು ಎಂದೂ ಹೇಳಿತು. ಮೇಲ್ಮನವಿ ಸರಕಾರದ ಬಳಿಗೆ ಹೋಗುವುದೂ ಸರಿಯಲ್ಲವೆಂದಿತು. ಅದಕ್ಕಾಗಿ ಮುಂದೆ ಬಂದ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದುಪಡಿಸಲಾಯಿತು. ಈಗ ಸಣ್ಣ ನಿರ್ದೇಶಕನೂ ಹೈಕೋರ್ಟಿಗೇ ಅಲೆಯಬೇಕು.

ಮಕ್ಕಳ ಕಣ್ಣಿಗೆ ಏನು ಬೀಳಬೇಕೆಂಬ ಕಾಳಜಿ ನಮಗೂ ಇದೆ. ಹಯಾದ ಮಾತಾಡುವವರು ನಾವೇ. ಆದರೆ ಮನೆಯ ಟಿ.ವಿ.ಯಲ್ಲಿ ನಾಯಕಿಯ ಸುತ್ತ ಪುಂಡರು ಕುಣಿಯುವ ಹಾಡು ಬಂದರೆ ನಾವು ರಿಮೋಟು ಹುಡುಕುವುದಿಲ್ಲ. ಮಾರಾಟಕ್ಕಿಟ್ಟ ಹೆಣ್ಣಿನ ದುಡಿಮೆಯನ್ನು ಯಾರು ತಿನ್ನುತ್ತಾರೆಂದು ಮಗು ಕೇಳಿಬಿಟ್ಟೀತೆಂದು ಹೆದರುತ್ತೇವೆ. ಅಬ್ಬಾಸರ ಕ್ಯಾಮೆರಾ ಆ ಹೆಂಗಸರ ಮೈಮೇಲೆ ನಿಲ್ಲುವುದಿಲ್ಲ, ನೋಟಿನ ಮೇಲೆ ನಿಲ್ಲುತ್ತದೆ. ಅಶ್ಲೀಲವೆಂದರೆ ಕಿತ್ತುಕೊಳ್ಳುವ ಆ ಕೈ. ಅದನ್ನು ಮಂಡಳಿ ಹೆಸರಿಸಲಿಲ್ಲ, ನಾವೂ ಹೆಸರಿಸುವುದಿಲ್ಲ.

2023ರ ತಿದ್ದುಪಡಿಯು ‘ಯುಎ’ಯನ್ನು 7, 13, 16 ವರ್ಷಗಳೆಂದು ಮೂರಾಗಿ ಒಡೆದಿದೆ. ತಂದೆತಾಯಿ ಪಕ್ಕದಲ್ಲಿ ಕೂತು ವಿವರಿಸಲೆಂಬ ಆಶಯ ಅದರಲ್ಲಿದೆ. ಈ ಚಿತ್ರಕ್ಕೆ ನಾವಾದರೆ 13 ಎನ್ನುತ್ತಿದ್ದೆವು. ನೋಟು ಯಾರ ಜೇಬಿಗೆ ಹೋಯಿತೆಂದು ಮಗಳು ಕೇಳಿದರೆ ಹೇಳಲು ತಯಾರಾಗಿಯೇ ಕೂರಬೇಕು.