ಬೀಟ್ ಪೊಲೀಸರು ಬಂದು ಹೋದ ಮೇಲೆ

2025ರ ಜುಲೈನಲ್ಲಿ ಗೃಹ ಸಚಿವ ಜಿ. ಪರಮೇಶ್ವರ ರಾಜ್ಯದಲ್ಲಿ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟರು. ಬೀಟನ್ನು ಮನೆಗಳ ಚಿಕ್ಕ ಚಿಕ್ಕ ಗುಂಪುಗಳಾಗಿ ವಿಂಗಡಿಸಿಕೊಂಡು, ಅದರ ಹೊಣೆ ಹೊತ್ತ ಸಿಬ್ಬಂದಿ ಒಂದೊಂದು ಮನೆಗೂ ಹೋಗಬೇಕು, ತಮ್ಮ ಹೆಸರು, ಫೋನ್ ನಂಬರ್ ಕೊಡಬೇಕು, ಮನೆಯವರ ಕಷ್ಟ ಕೇಳಿ ಬರೆದುಕೊಳ್ಳಬೇಕು. ಯೋಜನೆಯ ತಿರುಳು ಇಷ್ಟೇ. ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಕರ್ನಾಟಕದ ಪೊಲೀಸರು ಇತ್ತೀಚಿನ ವರ್ಷಗಳಲ್ಲಿ ಜನರ ಹತ್ತಿರ ಬರಲು ಮಾಡಿದ ಪ್ರಯತ್ನಗಳಲ್ಲಿ ಇದರ ಮೊದಲ ಅರ್ಧ ಎಲ್ಲಕ್ಕಿಂತ ಒಳ್ಳೆಯದು. ಎರಡನೇ ಅರ್ಧ ಇನ್ನೂ ಬರಬೇಕಾಗಿದೆ. ಬಾಗಿಲಲ್ಲಿ ನಾವು ಹೇಳಿದ ಮಾತಿಗೆ ಏನಾಯಿತು ಎಂದು ಅದೇ ಬಾಗಿಲಿಗೆ ಬಂದು ಲೆಕ್ಕ ಒಪ್ಪಿಸಬೇಕೆಂಬ ಕಟ್ಟುಪಾಡು ನನಗೆ ಇದರಲ್ಲಿ ಕಾಣಿಸುತ್ತಿಲ್ಲ.

ಮೊದಲ ಅರ್ಧ ಏಕೆ ಒಳ್ಳೆಯದು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 2017ರಲ್ಲಿ, ಆರ್.ಕೆ. ದತ್ತಾ ಡಿಜಿ-ಐಜಿಪಿ ಆಗಿದ್ದಾಗ, ರಾಜ್ಯದಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಬಂತು. ಅಲ್ಲಿಯವರೆಗೆ ಬೀಟ್ ಎಂದರೆ ಬಹುಮಟ್ಟಿಗೆ ರಾತ್ರಿ ಪಾಳಿಯವರು ಗೊತ್ತಾದ ಜಾಗಗಳಿಗೆ ಹೋಗಿ ಪಾಯಿಂಟ್ ಪುಸ್ತಕಕ್ಕೆ ಸಹಿ ಹಾಕುವುದಾಗಿತ್ತು. ಹೊಸ ಪದ್ಧತಿಯಲ್ಲಿ ಠಾಣೆಯಲ್ಲಿರುವ ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್‌ಗಳಿಗೆಲ್ಲ ಸರಹದ್ದನ್ನು ಹಂಚಿ, ಒಬ್ಬೊಬ್ಬರಿಗೆ ಒಂದೊಂದು ಬೀಟ್ ಕೊಟ್ಟರು. ಆ ಬೀದಿಗಳ ಸಮನ್ಸ್ ಜಾರಿ, ಪಾಸ್‌ಪೋರ್ಟ್ ಪರಿಶೀಲನೆ, ರೌಡಿಶೀಟರ್ ಮೇಲಿನ ನಿಗಾ, ಬೀಗ ಹಾಕಿದ ಮನೆಯ ಕಾವಲು ಎಲ್ಲಕ್ಕೂ ಅವರೇ ಜವಾಬ್ದಾರರು. ಇಲಾಖೆಯಲ್ಲಿ ತೀರಾ ಕೆಳಗಿನ ಮೆಟ್ಟಿಲಲ್ಲಿ ನಿಂತು, ಸೆಂಟ್ರಿ ಡ್ಯೂಟಿ, ಎಸ್ಕಾರ್ಟ್ ಎಂದು ಹೇಳಿದ ಕಡೆ ಓಡುತ್ತಿದ್ದ ಮನುಷ್ಯನಿಗೆ ‘ಇದು ನನ್ನ ಏರಿಯಾ’ ಎನ್ನಲು ಒಂದು ಜಾಗ ಸಿಕ್ಕಿತು. ಇದು ಸಣ್ಣ ಬದಲಾವಣೆಯಲ್ಲ.

ಆದರೆ ಜನರ ಕಡೆಯ ಏರ್ಪಾಡು ಎಡವಿತು. ಪ್ರತಿ ಬೀಟ್‌ಗೂ 50ರಷ್ಟು ನಾಗರಿಕ ಸದಸ್ಯರಿರಬೇಕು, ಅವರೊಂದಿಗೆ ಆಗಾಗ ಸಭೆ ನಡೆಯಬೇಕು ಎಂಬುದು ನಿಯಮ. ಇಂಥ ಸಭೆಗಳಿಗೆ ಹೋಗಿ ಕೂತವರಿಗೆ ಅದರ ಚಿತ್ರ ಗೊತ್ತು. ಪಾರ್ಕಿನ ಪಕ್ಕದ ಸಂಘದ ಕಟ್ಟಡ, ಪ್ಲಾಸ್ಟಿಕ್ ಕುರ್ಚಿಗಳು, ಮುಂದಿನ ಸಾಲಿನಲ್ಲಿ ನಿವೃತ್ತ ಅಧಿಕಾರಿಗಳು, ಅಂಗಡಿ ಮಾಲೀಕರು, ವಾರ್ಡಿನ ಒಂದಿಬ್ಬರು ಪುಢಾರಿಗಳು. ಮಾತು ಪಾರ್ಕಿಂಗ್‌ನಿಂದ ಶುರುವಾಗುತ್ತದೆ, ಬೀದಿನಾಯಿಗೆ ಹೋಗುತ್ತದೆ, ಪಿ.ಜಿ. ಹುಡುಗರ ರಾತ್ರಿ ಗಲಾಟೆಗೆ ಬರುತ್ತದೆ, ಕೊನೆಗೆ ‘ಈ ಹೊರಗಿನಿಂದ ಬಂದವರು’ ಎಂಬಲ್ಲಿ ನಿಲ್ಲುತ್ತದೆ. ಇನ್‌ಸ್ಪೆಕ್ಟರ್ ಸೈಬರ್ ವಂಚನೆಯ ಬಗ್ಗೆ ನಾಲ್ಕು ಮಾತು ಹೇಳುತ್ತಾರೆ, ಗ್ರೂಪ್ ಫೋಟೊ ಆಗುತ್ತದೆ, ವಾಟ್ಸ್‌ಆ್ಯಪ್‌ಗೆ ಹೋಗುತ್ತದೆ. ಆ ಪಿ.ಜಿ.ಯಲ್ಲಿರುವ ಹುಡುಗಿ ರಾತ್ರಿ ಹತ್ತಕ್ಕೆ ಕಂಪನಿಯ ಕ್ಯಾಬ್ ಇಳಿದು ಬೀದಿದೀಪವಿಲ್ಲದ ಅಡ್ಡರಸ್ತೆಯಲ್ಲಿ ನಡೆಯಬೇಕು, ಅವಳು ಸಭೆಯಲ್ಲಿಲ್ಲ. ಬೆಳಗಿನ ಜಾವ ಐದೂವರೆಗೆ ಪೊರಕೆ ಹಿಡಿದು ಬೀದಿಗೆ ಬರುವ ಪೌರಕಾರ್ಮಿಕ ಮಹಿಳೆ ಇಲ್ಲ. ಕಟ್ಟಡ ಕಟ್ಟುವ ಜಾಗದ ತಗಡಿನ ಶೆಡ್ಡಿನವರಂತೂ ಇಲ್ಲವೇ ಇಲ್ಲ. ಕೇಡು ಮೊದಲು ತಟ್ಟುವುದು ಇವರಿಗೇ.

‘ಮರ್ಯಾದಸ್ಥರು ಸ್ಟೇಷನ್ ಮೆಟ್ಟಿಲು ಹತ್ತಬಾರದು’ ಎಂದು ನಮ್ಮಲ್ಲಿ ಇಂದಿಗೂ ಹೇಳುತ್ತಾರೆ. ಠಾಣೆಗೆ ಹೋಗಲು ಧೈರ್ಯ ಬೇಕು, ಸಭೆಗೆ ಹೋಗಲು ಬಿಡುವೂ ಪರಿಚಯವೂ ಬೇಕು. ಬಾಗಿಲಿಗೆ ಬಂದವರ ಜೊತೆ ಮಾತಾಡಲು ಇದಾವುದೂ ಬೇಕಿಲ್ಲ. ‘ಮನೆ ಮನೆಗೆ ಪೊಲೀಸ್’ ಯೋಜನೆ ಈ ಬೀಟ್ ಸಮಿತಿಗಳನ್ನು ದಾಟಿ ನೇರ ಹೊಸ್ತಿಲಿಗೆ ಹೋಗಲು ಹೊರಟಿದ್ದು ಈ ಕಾರಣಕ್ಕೇ ಸರಿಯಾದ ಹೆಜ್ಜೆ. ಕೇರಳ ಈ ದಾರಿಯನ್ನು 2008ರಲ್ಲೇ ಹಿಡಿದಿತ್ತು. ಅಲ್ಲಿನ ‘ಜನಮೈತ್ರಿ ಸುರಕ್ಷಾ’ ಯೋಜನೆ 20 ಠಾಣೆಗಳಲ್ಲಿ ಆರಂಭವಾದಾಗ, ಬೀಟ್ ಅಧಿಕಾರಿ ತನ್ನ ವ್ಯಾಪ್ತಿಯ ಪ್ರತಿ ಮನೆಯನ್ನೂ ನೇರವಾಗಿ ತಿಳಿದಿರಬೇಕು ಎಂಬುದೇ ಅದರ ಅಡಿಗಲ್ಲಾಗಿತ್ತು. ಮೂರು ವರ್ಷದ ನಂತರ ಬಂದ ಕೇರಳ ಪೊಲೀಸ್ ಕಾಯ್ದೆ ಇಂಥ ಜನಸಂಪರ್ಕಕ್ಕೆ ಕಾನೂನಿನಲ್ಲೇ ಜಾಗ ಕೊಟ್ಟಿತು. ನಮ್ಮಲ್ಲಿ ಯೋಜನೆಗಳು ಒಬ್ಬ ಡಿಜಿಪಿಯ ಅಥವಾ ಸಚಿವರ ಆಸಕ್ತಿಯಿಂದ ಹುಟ್ಟುತ್ತವೆ, ಅವರು ಎದ್ದು ಹೋದ ಮೇಲೆ ಸೊರಗುತ್ತವೆ.

ಈಗ ಕೊರತೆಗಳ ಮಾತು. ಮೊದಲನೆಯದು ಸಮಯ. ಬೆಂಗಳೂರಿನ ಠಾಣೆಯೊಂದರ ಬೀಟ್ ಸಿಬ್ಬಂದಿಯ ದಿನವನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ರೋಲ್ ಕಾಲ್. ಒಬ್ಬರಿಗೆ ಆರೋಪಿಯನ್ನು ಕೋರ್ಟಿಗೆ ಕರೆದೊಯ್ಯುವ ಕೆಲಸ, ಇನ್ನೊಬ್ಬರಿಗೆ ಆಸ್ಪತ್ರೆಯಲ್ಲಿ ಶವಪಂಚನಾಮೆ, ಮತ್ತೊಬ್ಬರಿಗೆ ಹೊಯ್ಸಳ ವಾಹನದ ಪಾಳಿ. ಮಧ್ಯಾಹ್ನಕ್ಕೆ ಫ್ರೀಡಂ ಪಾರ್ಕಿನ ಪ್ರತಿಭಟನೆಗೆ ಬಂದೋಬಸ್ತ್. ಕರಗ, ಗಣೇಶನ ಮೆರವಣಿಗೆ, ಕ್ರಿಕೆಟ್ ಪಂದ್ಯ, ಹೊಸ ವರ್ಷದ ರಾತ್ರಿಯ ಎಂ.ಜಿ. ರಸ್ತೆ, ಗಣ್ಯರ ಓಡಾಟ ಯಾವುದು ಬಂದರೂ ಮೊದಲು ಖಾಲಿಯಾಗುವುದು ಬೀಟ್. ಮನೆ ಭೇಟಿ ಇದೆಲ್ಲದರ ನಡುವೆ ಮಿಕ್ಕ ಹೊತ್ತಿನಲ್ಲಿ ನಡೆಯಬೇಕು. ಆ ಮಿಕ್ಕ ಹೊತ್ತು ಸಿಬ್ಬಂದಿಯ ಸ್ವಂತ ಹೊತ್ತು, ಅವರ ಹೆಂಡತಿ ಮಕ್ಕಳ ಹೊತ್ತು. ಆಯಾಸಗೊಂಡವರನ್ನು ಮನೆಗಳ ಪಟ್ಟಿ ಕೊಟ್ಟು ಕಳಿಸಿದರೆ ಅವರು ಪಟ್ಟಿ ಮುಗಿಸುತ್ತಾರೆ, ಮಾತು ಆಡುವುದಿಲ್ಲ. ಅದು ಅವರ ತಪ್ಪಲ್ಲ.

ಎರಡನೆಯದು ಅಳತೆ. ಇ-ಬೀಟ್ ಬಂದ ಮೇಲೆ ಪಾಯಿಂಟ್ ಪುಸ್ತಕದ ಸಹಿಯ ಜಾಗಕ್ಕೆ ಮೊಬೈಲ್ ಬಂತು. ಗಸ್ತಿನವರು ಗೋಡೆಯ ಮೇಲಿನ ಕೋಡ್ ಸ್ಕ್ಯಾನ್ ಮಾಡಿದರೆ ಆ ಹೊತ್ತಿಗೆ ಅಲ್ಲಿದ್ದರು ಎಂದು ದಾಖಲಾಗುತ್ತದೆ. ಸುಳ್ಳು ಸಹಿ ನಿಂತಿತು, ಒಳ್ಳೆಯದೇ. ಆದರೆ ಕಾಲಿಟ್ಟಿದ್ದಕ್ಕೆ ಮಾತ್ರ ಲೆಕ್ಕ ಸಿಗುವ ಕಡೆ ಕೆಲಸವೂ ಕಾಲಿಡುವುದಕ್ಕೇ ಇಳಿಯುತ್ತದೆ. ಮನೆ ಭೇಟಿಯಲ್ಲೂ ಇದೇ ಅಪಾಯವಿದೆ. ಎಷ್ಟು ಮನೆ ಮುಗಿಯಿತು ಎಂದು ಮೇಲಿನವರು ಕೇಳುತ್ತಾರೆ. ಏನು ಕೇಳಿಬಂತು, ಅದರಲ್ಲಿ ಎಷ್ಟು ಬಗೆಹರಿಯಿತು, ಬಗೆಹರಿಯದ್ದು ಏಕೆ ಹಾಗೇ ಉಳಿಯಿತು ಎಂಬ ಪ್ರಶ್ನೆಗಳು ವಾರದ ಸಭೆಯಲ್ಲಿ ಏಳಬೇಕು. ಮೊಬೈಲ್ ಕಳವಾಯಿತು ಎಂದು ಠಾಣೆಗೆ ಹೋದವರಿಗೆ ‘ಕಳೆದುಹೋಗಿದೆ ಅಂತ ಬರೆದುಕೊಡಿ’ ಎನ್ನುವ ಅಭ್ಯಾಸ ಇರುವವರೆಗೂ, ಬಾಗಿಲಲ್ಲಿ ಎಷ್ಟು ನಯವಾಗಿ ಮಾತಾಡಿದರೂ ಜನ ನಂಬುವುದು ಕಷ್ಟ.

2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ನಮ್ಮ ಗೃಹ ಇಲಾಖೆಯವರು ಓದಲೇಬೇಕು. ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪ್ಪೀನ್ಸ್, ಉಗಾಂಡಾ ಈ ಆರು ದೇಶಗಳಲ್ಲಿ ಸಮುದಾಯ ಪೊಲೀಸ್ ಪದ್ಧತಿಯನ್ನು ಕೆಲವು ಪ್ರದೇಶಗಳಲ್ಲಿ ಜಾರಿ ಮಾಡಿ, ಕೆಲವು ಕಡೆ ಮಾಡದೆ, ಫಲವನ್ನು ಹೋಲಿಸಿ ನೋಡಿದರು. ಜನರ ನಂಬಿಕೆ ಹೆಚ್ಚಲಿಲ್ಲ, ಅಪರಾಧ ಇಳಿಯಲೂ ಇಲ್ಲ. ಸಂಶೋಧಕರು ಗುರುತಿಸಿದ ಕಾರಣಗಳು ನಮಗೆ ತೀರಾ ಪರಿಚಿತ: ಮೇಲಧಿಕಾರಿಗಳ ಒಲವು ಗಟ್ಟಿಯಾಗಿಲ್ಲ, ಜನರೊಂದಿಗೆ ಬಳಕೆಯಾಗುವ ಹೊತ್ತಿಗೆ ಸಿಬ್ಬಂದಿಯ ವರ್ಗಾವಣೆ, ಜನ ಹೇಳಿದ್ದರ ಬೆನ್ನು ಹತ್ತಲು ಬೇಕಾದ ಸಂಪನ್ಮೂಲ ಇಲ್ಲ. ಪಾಕಿಸ್ತಾನದ ಪಂಜಾಬಿನ ಠಾಣೆಗೂ ನಮ್ಮ ಠಾಣೆಗೂ ಬೇರು ಒಂದೇ, ಬ್ರಿಟಿಷರು 1861ರ ಕಾಯ್ದೆಯಲ್ಲಿ ಕಟ್ಟಿದ ಆಡಳಿತ. ಅಲ್ಲಿ ಸೋತದ್ದು ಇಲ್ಲಿ ತಾನಾಗಿ ಗೆಲ್ಲುತ್ತದೆ ಎಂದುಕೊಳ್ಳಲು ಕಾರಣವಿಲ್ಲ. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ ಕೊಡಿ ಎಂದು ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು 2006ರಲ್ಲಿ. ಬೀಟ್ ಕಾನ್‌ಸ್ಟೆಬಲ್‌ಗೂ ಅಂಥ ಅವಧಿ ಬೇಕು ಎಂದು ಗಟ್ಟಿಯಾಗಿ ಕೇಳುವವರು ಕಡಿಮೆ. ಆದರೆ ಇಡೀ ಯೋಜನೆ ನಿಂತಿರುವುದು ಆ ಕಾನ್‌ಸ್ಟೆಬಲ್‌ನ ಮುಖಪರಿಚಯದ ಮೇಲೆ.

ಲೆಕ್ಕ ಒಪ್ಪಿಸುವ ಏರ್ಪಾಡು ಹೇಗಿರಬಹುದು ಎಂಬುದಕ್ಕೆ ಷಿಕಾಗೊ ಒಂದು ಉದಾಹರಣೆ. ಅಲ್ಲಿ 1993ರಲ್ಲಿ ಐದು ಪೊಲೀಸ್ ಜಿಲ್ಲೆಗಳಲ್ಲಿ ಶುರುವಾದ ಸಮುದಾಯ ಪೊಲೀಸ್ ಯೋಜನೆ ಕೆಲವೇ ವರ್ಷಗಳಲ್ಲಿ ನಗರದ 279 ಬೀಟ್‌ಗಳಿಗೂ ಹಬ್ಬಿತು. ಬೀಟ್ ತಂಡದವರನ್ನು ಆದಷ್ಟೂ ಅವರ ಬೀಟಿನಲ್ಲೇ ಉಳಿಸಿ, ತುರ್ತು ಕರೆಗಳ ಹಿಂದೆ ಓಡಲು ಬೇರೆ ಸಿಬ್ಬಂದಿಯನ್ನು ಇಟ್ಟರು. ಚರ್ಚಿನ ನೆಲಮಾಳಿಗೆಯಲ್ಲೋ ಪಾರ್ಕಿನ ಕಟ್ಟಡದಲ್ಲೋ ಬೀಟ್ ಸಭೆಗಳು ನಿಯಮಿತವಾಗಿ ನಡೆಯುತ್ತಿದ್ದವು. ಹಿಂದಿನ ಸಭೆಯಲ್ಲಿ ಹೇಳಿದ ತೊಂದರೆಗೆ ಏನು ಮಾಡಿದೆವು ಎಂದು ಪೊಲೀಸರು ಅಲ್ಲಿ ಹೇಳಬೇಕಿತ್ತು. ನನಗೆ ಇನ್ನೂ ಮುಖ್ಯವಾಗಿ ಕಾಣುವುದು ಮತ್ತೊಂದು. ಕೆಟ್ಟ ಬೀದಿದೀಪ, ಪಾಳು ಮನೆ, ವಾರಸುದಾರರಿಲ್ಲದ ಕಾರು ಇಂಥವುಗಳ ಬಗ್ಗೆ ಬೀಟ್ ಪೊಲೀಸರು ಒಂದು ಹಾಳೆ ತುಂಬಿ ಕಳಿಸಿದರೆ ನಗರಾಡಳಿತದ ಇಲಾಖೆಗಳು ಅದಕ್ಕೆ ಆದ್ಯತೆ ಕೊಡುತ್ತಿದ್ದವು. ಬೆಂಗಳೂರಿನಲ್ಲಿ ಕತ್ತಲೆಯ ಅಡ್ಡರಸ್ತೆಯ ದೂರನ್ನು ಬೀಟ್ ಪೊಲೀಸರು ಬರೆದುಕೊಂಡರೂ, ಅದು ನಗರಪಾಲಿಕೆಯ ಎಂಜಿನಿಯರ್ ಮೇಜಿಗೆ ಹೋಗಿ ಉತ್ತರದೊಂದಿಗೆ ವಾಪಸ್ ಬರುವ ಖಾತರಿ ಇಲ್ಲ. ಬಾಗಿಲಲ್ಲಿ ಜನ ಹೇಳುವ ಕಷ್ಟಗಳಲ್ಲಿ ಎಷ್ಟೋ ಪೊಲೀಸರ ಕೈಯಲ್ಲಿರುವುದೇ ಇಲ್ಲ. ದೀಪ ಉರಿಸುವವರು ಬೇರೆ, ಕಸ ತೆಗೆಯುವವರು ಬೇರೆ, ವೈನ್‌ಶಾಪಿಗೆ ಪರವಾನಗಿ ಕೊಡುವವರು ಬೇರೆ.

ಷಿಕಾಗೊ ಸ್ವರ್ಗವಾಗಲಿಲ್ಲ, ಅದನ್ನೂ ಹೇಳಬೇಕು. ವರ್ಷಗಟ್ಟಲೆ ಈ ಪ್ರಯೋಗದ ಬೆನ್ನು ಹತ್ತಿದ ಸಂಶೋಧಕ ವೆಸ್ಲಿ ಸ್ಕೋಗನ್ ಅವರ ಪ್ರಕಾರ ಬಿಳಿಯರ ಮತ್ತು ಕಪ್ಪು ಜನರ ಬಡಾವಣೆಗಳಲ್ಲಿ ಸುಧಾರಣೆ ಕಂಡಿತು, ಲ್ಯಾಟಿನೊ ವಲಸಿಗರ ಬಡಾವಣೆಗಳು ಬಹುಮಟ್ಟಿಗೆ ಹೊರಗೇ ಉಳಿದವು. ಸಭೆಗಳಲ್ಲಿ ಸ್ವಂತ ಮನೆಯವರದೇ ಮೇಲುಗೈ. 2014ರಲ್ಲಿ ಲಕ್ವಾನ್ ಮೆಕ್‌ಡೊನಾಲ್ಡ್ ಎಂಬ ಹದಿನೇಳರ ಹುಡುಗನಿಗೆ ಅಲ್ಲಿನ ಪೊಲೀಸ್ ಅಧಿಕಾರಿಯೊಬ್ಬ ಹದಿನಾರು ಗುಂಡು ಹೊಡೆದು ಕೊಂದ. ಅದರ ವಿಡಿಯೊ ಹೊರಬರಲು ವರ್ಷದ ಮೇಲಾಯಿತು. ಎರಡು ದಶಕ ಸಭೆ ಸೇರಿ ಗಳಿಸಿದ ವಿಶ್ವಾಸಕ್ಕೆ ಅದು ದೊಡ್ಡ ಪೆಟ್ಟು ಕೊಟ್ಟಿತು.

ನಮ್ಮ ನೆರೆಯಲ್ಲೂ ಒಂದು ಎಚ್ಚರಿಕೆಯಿದೆ. ತಮಿಳುನಾಡಿನಲ್ಲಿ 1993ರಿಂದ ನಡೆದುಬಂದ ‘ಫ್ರೆಂಡ್ಸ್ ಆಫ್ ಪೊಲೀಸ್’ ಒಂದು ಕಾಲಕ್ಕೆ ದೇಶಕ್ಕೇ ಮಾದರಿ ಎನಿಸಿತ್ತು. 2020ರ ಜೂನ್‌ನಲ್ಲಿ ಸಾತ್ತಾನ್‌ಕುಳಂ ಪೊಲೀಸರ ವಶದಲ್ಲಿದ್ದ ತಂದೆ-ಮಗ ಹಲ್ಲೆಯ ಬಳಿಕ ಸತ್ತಾಗ, ಸ್ವಯಂಸೇವಕರೂ ಅದರಲ್ಲಿ ಸೇರಿದ್ದರು ಎಂಬ ಆರೋಪ ಬಂತು. ಸಂಘಟನೆ ಅದನ್ನು ಅಲ್ಲಗಳೆಯಿತು. ಸರ್ಕಾರ ಮಾತ್ರ ಅದರ ಚಟುವಟಿಕೆಯನ್ನು ನಿಷೇಧಿಸಿತು. ಠಾಣೆಯ ಸಲಿಗೆ ಪಡೆದ ನಾಗರಿಕನಿಗೆ ಅಧಿಕಾರದ ರುಚಿಯೂ ಹತ್ತಬಹುದು. ನಮ್ಮ ಬೀಟ್ ಸಮಿತಿಗಳಲ್ಲಿ ಯಾರಿದ್ದಾರೆ, ಅವರನ್ನು ಯಾರು ಆರಿಸಿದರು, ಅವರ ಅವಧಿ ಎಷ್ಟು ಎಂಬ ಪಟ್ಟಿ ಠಾಣೆಯ ಮುಂದೆ ತೂಗುಹಾಕಿರಬೇಕು.

ಮನೆಯ ಬಾಗಿಲಿಗೂ ತನ್ನದೇ ಅಪಾಯಗಳಿವೆ. ಯೋಜನೆಯ ಬಗ್ಗೆ ನನಗಿರುವ ದೊಡ್ಡ ಆತಂಕ ಇದು. ಖಾಕಿ ತೊಟ್ಟ ಗಂಡಸೊಬ್ಬರು ಹೊಸ್ತಿಲಲ್ಲಿ ನಿಂತು ‘ಏನಮ್ಮಾ, ಏನಾದ್ರೂ ತೊಂದ್ರೆ ಇದೆಯಾ?’ ಎಂದು ಕೇಳುತ್ತಾರೆ. ಒಳಗೆ ಸೋಫಾದ ಮೇಲೆ ಗಂಡ ಕೂತಿದ್ದಾನೆ. ಹಿಂದಿನ ರಾತ್ರಿ ಅವನಿಂದ ಏಟು ತಿಂದವಳು ‘ಏನಿಲ್ಲ ಸಾರ್’ ಎನ್ನದೆ ಬೇರೆ ಏನು ಹೇಳಿಯಾಳು? ನಮೂನೆಯಲ್ಲಿ ಆ ಮನೆಯ ಎದುರು ‘ದೂರು ಇಲ್ಲ’ ಎಂದು ಬೀಳುತ್ತದೆ. ಬೀದಿಯ ಕೇಡನ್ನು ಕೇಳಲು ಹೋದವರಿಗೆ ಮನೆಯೊಳಗಿನ ಕೇಡು ಹೀಗೆ ತಪ್ಪಿಹೋಗುತ್ತದೆ. ಮಹಿಳಾ ಸಿಬ್ಬಂದಿ ಜೊತೆಗಿರಬೇಕು, ಮನೆಯ ಹೆಂಗಸರೊಂದಿಗೆ ಬೇರೆಯಾಗಿ ಮಾತಾಡಬೇಕು, ಆಮೇಲೆ ಗುಟ್ಟಾಗಿ ಸಂಪರ್ಕಿಸಲು ಒಂದು ನಂಬರ್ ಅವರ ಕೈಗೇ ಕೊಟ್ಟು ಬರಬೇಕು. ಅಕ್ಕಪಕ್ಕದ ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಏನಿದೆ ಎಂದು ಪೊಲೀಸರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರ ಮಾತು ಕೇಳುವ ದಾರಿ ಯೋಜನೆಯಲ್ಲಿ ಇರಬೇಕು.

ಇನ್ನು ಬಾಡಿಗೆದಾರರು. ಕೇಳಿ ಬರೆದುಕೊಳ್ಳುವ ಹಾಳೆ ಕಷ್ಟದ ಪಟ್ಟಿಯಾಗಿಯೂ ಉಳಿಯಬಹುದು, ಯಾರು ಎಲ್ಲಿಂದ ಬಂದವರು, ಯಾವ ಭಾಷೆ, ಯಾವ ಧರ್ಮ ಎಂಬ ಜನರ ಪಟ್ಟಿಯಾಗಿಯೂ ಬದಲಾಗಬಹುದು. ಬಂಗಾಳಿ ಮಾತಾಡುವ ಕಸ ಆಯುವ ಕುಟುಂಬದ ಶೆಡ್ಡಿಗೆ ಪೊಲೀಸರು ಬಂದರೆ ಆ ಮನೆಯವರು ಮೊದಲು ಹುಡುಕುವುದು ತಮ್ಮ ಆಧಾರ್ ಕಾರ್ಡನ್ನು. ರಾಯಚೂರು, ಯಾದಗಿರಿಯಿಂದ ಗುಳೆ ಬಂದು ಶೆಡ್ಡಿನಲ್ಲಿರುವವರದ್ದೂ ಹೆಚ್ಚು ಕಡಿಮೆ ಇದೇ ಸ್ಥಿತಿ. ಯಾವ ವಿವರ ಕೇಳಬಹುದು, ಯಾವುದನ್ನು ಕೇಳಬಾರದು, ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬುದನ್ನು ಬರೆದು ಪ್ರಕಟಿಸದೆ ಈ ಭೇಟಿಗಳನ್ನು ಮುಂದುವರಿಸುವುದು ತಪ್ಪು. ಈ ಶೆಡ್ಡಿನವರ ಕೂಲಿ ಕೊಡದೆ ಓಡಿಹೋದ ಮೇಸ್ತ್ರಿಯ ಮೇಲಿನ ದೂರು ಕೂಡ ಅದೇ ಹಾಳೆಯಲ್ಲಿ ಬೀಳಬೇಕು.

ಇಲಾಖೆ ಮುಂದಿನ ಸುತ್ತನ್ನು ಪಿ.ಜಿ.ಗಳಿಂದ, ಕಾರ್ಮಿಕರ ಶೆಡ್ಡುಗಳಿಂದ, ಒಂಟಿ ವೃದ್ಧರ ಮನೆಗಳಿಂದ ಆರಂಭಿಸಲಿ. ಬೀಟ್ ಸಿಬ್ಬಂದಿಗೆ ವಾರಕ್ಕೆ ಎರಡು ದಿನವಾದರೂ ಬಂದೋಬಸ್ತಿನಿಂದ ಬಿಡುವು ಕೊಡಲಿ. ದೂರು ಬರೆದುಕೊಂಡ ದಿನವೇ ಆ ಮನೆಯವರಿಗೆ ಒಂದು ನಂಬರಿರುವ ಚೀಟಿ ಕೊಡಲಿ. ತಿಂಗಳೊಳಗೆ ಅದೇ ಸಿಬ್ಬಂದಿ ಮರಳಿ ಬಂದು, ದೀಪ ಬಂತೋ ಇಲ್ಲವೋ, ಇಲ್ಲದಿದ್ದರೆ ಯಾರ ಕಚೇರಿಯಲ್ಲಿ ನಿಂತಿದೆ ಎಂದು ಆ ಚೀಟಿಯ ಹಿಂದೆ ಬರೆದು ಸಹಿ ಹಾಕಲಿ.